ಸಾಕ್ಷಿ ಹೇಳುವ ತಂಗಿಯ ಜೊತೆ ಅಣ್ಣಿಗೇರಿಗೆ

ಹುಬ್ಬಳ್ಳಿಯಲ್ಲಿ ಕುಂದಗೋಳದ ಬಸ್ ಹತ್ತುವಾಗಲೇ ನನ್ನ ತಲೆ ಕೆಟ್ಟಿತ್ತು. ಜನವರಿಯ ಶುಕ್ರವಾರ, ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಸರಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾನೆ. ದುಡ್ಡೂ ಇಲ್ಲ, ಸೀಟೂ ಇಲ್ಲ. ಅರ್ಧ ದಾರಿ ನಿಂತೇ ಹೋದೆ. ಕೊನೆಗೆ ಮೆಣಸಿನಕಾಯಿ ಚೀಲ ಕಾಲಡಿ ಇಟ್ಟುಕೊಂಡಿದ್ದ ಒಬ್ಬಾಕೆ ಸರಿದು ಜಾಗ ಮಾಡಿಕೊಟ್ಟಳು. ನನ್ನ ಬರಿಹಣೆ ನೋಡಿ, ಮರುಗಿದ ದನಿಯಲ್ಲಿ, "ಯಜಮಾನ್ರು ತೀರ್ಕೊಂಡು ಭಾಳ ದಿವಸ ಆತೇನ್ರಿ?" ಅಂದಳು.

"ಮನ್ಯಾಗ ಪೇಪರ್ ಓದ್ಕೋತ ಕುಂತಾರ. ನಾವು ಕ್ರಿಶ್ಚನ್ರು," ಅಂದೆ.

ಆಕೆಯ ಮುಖ ಅರಳಿತು. "ಹಂಗಾರ ಪ್ರೇಯರ್ ಮಾಡ್ತೀರಲ್ರಿ? ನನ್ನ ಮೊಣಕಾಲಿಗೆ ಒಂದೀಟು ಮಾಡ್ರಿ" ಎಂದು ಸೀರೆ ಸರಿಸಿ ಮೊಣಕಾಲನ್ನೇ ಮುಂದೆ ಮಾಡಿದಳು. ನನ್ನ ಅಜ್ಜಿಯ ಕಾಲಕ್ಕೆ ಈ ಸೀಮೆಯಲ್ಲಿ ಕ್ರಿಶ್ಚನ್ನರು ಅಂದರೆ ಸಾಲಿ, ದವಾಖಾನೆ ನೆನಪಾಗುತ್ತಿತ್ತು. ಈಗ ಮೊಣಕಾಲು ನೆನಪಾಗುತ್ತದೆ. ನಾನು ಮಾಡಲಿಲ್ಲ. ಎಲುಬಿನ ಡಾಕ್ಟರಿಗೆ ತೋರಿಸಿ ಅಂದೆ. ಆಕೆ ಕುಂದಗೋಳದವರೆಗೆ ಮುಖ ಆಚೆ ತಿರುಗಿಸಿ ಕೂತಳು.

ನಾನು ಹೊರಟದ್ದು ಕುಂದಗೋಳದ ಹತ್ತಿರದ ಕುಬಿಹಾಳಕ್ಕೆ, ನನ್ನ ತಂಗಿ ಕರುಣಾಳ ಮನೆಗೆ. ಅವಳು ಸಾಕ್ಷಿ ಹೇಳುವುದನ್ನು ನಿಲ್ಲಿಸಬೇಕಿತ್ತು. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ದೇವರು ನನ್ನ ಬಾಳಿನಲ್ಲಿ ಇಂಥದ್ದು ಮಾಡಿದ ಎಂದು ನಾಲ್ಕು ಮಂದಿಯೆದುರು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತಾರೆ. ಕೋರ್ಟಿನ ಸಾಕ್ಷಿಗಾದರೆ ಪಾಟೀಸವಾಲು ಹಾಕಲು ಎದುರು ವಕೀಲ ಇರುತ್ತಾನೆ. ಇಲ್ಲಿ ಎಲ್ಲರೂ "ಸ್ತೋತ್ರ, ಸ್ತೋತ್ರ" ಅನ್ನುವವರೇ.

ಕರುಣಾಳ ಮಗಳು ನಿರ್ಮಲಾಗೆ, ನಮ್ಮೆಲ್ಲರ ನಿಮ್ಮಿಗೆ, ರಕ್ತದ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಆಗಿ ಹುಡುಗಿ ಗುಣವಾಗಿ ಮನೆಗೆ ಬಂದಳು. ಆಗಿನಿಂದ ಕರುಣಾ ಊರೂರಿಗೆ ಹೋಗಿ ದೇವರು ಮಗಳನ್ನು ಗುಣಪಡಿಸಿದ ಎಂದು ಸಾಕ್ಷಿ ಹೇಳತೊಡಗಿದಳು. ಅದು ತಪ್ಪೆಂದು ನನಗೂ ಅನ್ನಿಸಿರಲಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಬೇನೆ ತಿರುಗಿ ಬಂತು, ನಿಮ್ಮಿ ತೀರಿಕೊಂಡಳು. ನಾನೇ ಮಣ್ಣು ಹಾಕಿ ಬಂದಿದ್ದೇನೆ. ಕರುಣಾ ಮಾತ್ರ ಸಾಕ್ಷಿ ನಿಲ್ಲಿಸಿರಲಿಲ್ಲ. ಕ್ರಿಸ್ಮಸ್ ಆದ ಮೇಲೂ ಎರಡು ಹಳ್ಳಿಗಳಿಗೆ ಹೋಗಿ, ಮಗಳು ಗುಣವಾಗಿ ಮನೆಗೆ ಬಂದಳು ಎಂಬಲ್ಲಿಗೆ ಕಥೆ ಮುಗಿಸಿ ಕೂತಿದ್ದಳಂತೆ.

ಕುಬಿಹಾಳದಲ್ಲಿ ಇಳಿದಾಗ ಅವಳ ಗಂಡ ಶಾಂತರಾಜ ರಸ್ತೆ ಬದಿಯ ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ಎದ್ದು ಕೈ ಒರೆಸಿಕೊಂಡ. ಮಗಳು ಹೋದ ಮೇಲೆ ಅವನು ದೇವಾಲಯದ ಮೆಟ್ಟಿಲು ಹತ್ತಿಲ್ಲ.

"ಬಂದ್ರೇನ್ರಿ ಅಕ್ಕಾರ? ಛಲೋ ಆತು. ನಿಮ್ಮ ತಂಗೀನ ನೀವ ನಿಲ್ಲಸ್ರಿ. ನಾ ಹೇಳಿ ಹೇಳಿ ಸಾಕಾಗೇನಿ."

"ಏನಂತಾಳ?"

"ಏನೂ ಅನ್ನೂದಿಲ್ರಿ. ಆ ಬ್ರದರ್ ಗಾಡಿ ಹಾರ್ನ್ ಹೊಡದ್ರ ಎದ್ದು ಹೊಂಟ ಬಿಡ್ತಾಳ."

ಮಧ್ಯಾಹ್ನ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕರುಣಾ ಪ್ರಾರ್ಥನೆ ಮಾಡಿದಳು. ಶಾಂತರಾಜ ಅಷ್ಟರಲ್ಲಿ ಎರಡು ತುತ್ತು ತಿಂದಿದ್ದ. ಅವನಿಗೆ ಸಿಟ್ಟು ಮಾಡುವ ಧೈರ್ಯವಾದರೂ ಇದೆ. ನಾನು ನಿಮ್ಮಿ ಸತ್ತ ದಿನವೂ ಊಟಕ್ಕೆ ಮೊದಲು ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಕೊಟ್ಟ ಅನ್ನಕ್ಕಾಗಿ ಸ್ತೋತ್ರ ಹೇಳಿದವಳು. ನಮ್ಮ ಮನೆತನದ ವಿಶ್ವಾಸ ಬಾಗಿಲ ಹಿಂದೆ ತೂಗುಹಾಕಿದ ಕೊಡೆಯ ಹಾಗೆ. ತಲೆತಲಾಂತರದಿಂದ ಅಲ್ಲೇ ಇದೆ, ಹೊರಗೆ ಹೋಗುವಾಗ ಕೈಗೆ ತೆಗೆದುಕೊಳ್ಳುತ್ತೇವೆ, ಬಿಚ್ಚಿ ನೋಡಿದವರು ಕಡಿಮೆ. ಬೆಳಿಗ್ಗೆ ಒಂದು ಕೀರ್ತನೆ, ಸಂಜೆ ಒಂದು ಕೀರ್ತನೆ, ಭಾನುವಾರ ಇಸ್ತ್ರಿ ಮಾಡಿದ ಸೀರೆ. ಯಾರಾದರೂ ರಾಗ ತಪ್ಪಿ ಹಾಡಿದರೆ, ಅಲ್ಪಪ್ರಾಣ ಮಹಾಪ್ರಾಣ ಕಲಸಿ ಓದಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸರಕಾರಿ ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವಳು ನಾನು.

ಊಟವಾದ ಮೇಲೆ ವಿಷಯ ತೆಗೆದೆ. ಕರುಣಾ ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿ ಮಗುಚುತ್ತ, ತಲೆ ಎತ್ತದೆ ಹೇಳಿದಳು: "ನಾಳೆ ನವಲಗುಂದ ಕಡೆ ಐತಿ, ನಾಡದು ಅಣ್ಣಿಗೇರಿ. ನೀನೂ ಬಾ ಅಕ್ಕಾ. ಒಮ್ಮೆಯೂ ಕೇಳಿಲ್ಲಲ್ಲ ನೀ."

ಹೀಗೆ, ನಿಲ್ಲಿಸಲು ಬಂದವಳು ಜೊತೆಗೆ ಹೊರಟೆ.

ಶನಿವಾರ ಬೆಳಿಗ್ಗೆ ಬ್ರದರನ ಟ್ರ್ಯಾಕ್ಸ್ ಜೀಪು ಬಂತು. ಹಿಂದಿನ ಸೀಟಿನಲ್ಲಿ ಸ್ಪೀಕರ್ ಡಬ್ಬಿ, ಕೀಬೋರ್ಡು, ಅದನ್ನು ನುಡಿಸುವವ. ಮುಂದೆ ಪ್ರಕಾಶ ಬ್ರದರ್. ಇವನು ಯಾವ ಸಭೆಯ, ಅಂದರೆ ಚರ್ಚಿನ, ಪಾದ್ರಿಯೂ ಅಲ್ಲ, ಸ್ವಂತವಾಗಿ ಪ್ರಾರ್ಥನಾ ಕೂಟ ಕಟ್ಟಿಕೊಂಡವನು. ನಲವತ್ತರ ಆಸುಪಾಸು, ಬಿಳಿ ಅಂಗಿ, ಮಾತಿಗೊಮ್ಮೆ ನಗು. ಅವನನ್ನು ಕಳ್ಳನೆಂದು ಬಗೆದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ನಿಮ್ಮಿಗೆ ರಕ್ತ ಬೇಕಾದಾಗ ಮಲಗಿ ಕೊಟ್ಟವನು ಅವನು. ದವಾಖಾನೆಯ ಲಿಫ್ಟು ಕೆಟ್ಟ ದಿನ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದವನು ಅವನು. ನಮ್ಮ ಹಳೆಯ ಸಭೆಯ ಕಮಿಟಿಯವರು ಬಿಸ್ಕಿಟ್ ಪುಡಿಕೆ ತಂದು, ಐದು ನಿಮಿಷ ನಿಂತು, ಭಾನುವಾರದ ಪ್ರಾರ್ಥನೆಯಲ್ಲಿ ಹೆಸರು ಓದಿಸುತ್ತೇವೆ ಎಂದು ಹೋದವರು ತಿರುಗಿ ಬಂದದ್ದು ಮಣ್ಣಿಗೇ. ಓದಿಸುವಾಗ ನಿರ್ಮಲಾ ಅನ್ನುವುದನ್ನು ವಿಮಲಾ ಎಂದು ಓದಿದರು.

ಹುಬ್ಬಳ್ಳಿ ದಾಟಿ ನವಲಗುಂದದ ರಸ್ತೆಗೆ ಬಿದ್ದೆವು. ಎರಡೂ ಕಡೆ ಎರೆಮಣ್ಣು, ಕಡಲೆ, ಕುಸುಬೆ, ತೆನೆ ಬಿಟ್ಟ ಬಿಳಿಜೋಳ. ಕಣ್ಣು ಹಾಯುವಷ್ಟು ದೂರ ಒಂದು ಗುಡ್ಡವೂ ಇಲ್ಲ. ಕೈಗೆ ಹಸಿಕಡಲೆಯ ಸಿವುಡು ಕೊಟ್ಟು ಬ್ರದರ್ ನನ್ನನ್ನು ಮಾತಿಗೆಳೆದ.

"ಅಕ್ಕಾರ, ನಿಮಗ ನಮ್ಮ ಮ್ಯಾಲೆ ಸಿಟ್ಟೈತಿ. ಆದ್ರ ನಿಮ್ಮಿ ಗುಣಾಗಿದ್ದು ಖರೆ ಹೌದಿಲ್ರಿ?"

"ಹೌದು. ಆಮ್ಯಾಲೆ ಸತ್ತದ್ದೂ ಖರೆ."

"ಗುಣಾಗಿದ್ದು ದೇವರ ಕೆಲಸ್ರಿ. ಕರಕೊಂಡದ್ದು ದೇವರ ಚಿತ್ತ."

"ಅಂದ್ರ ಬದುಕಿದ್ರ ಕೆಲಸ, ಸತ್ರ ಚಿತ್ತ. ಛಲೋ ಐತಿ ನಿಮ್ಮ ವ್ಯಾಕರಣ. ದವಾಖಾನಿ ಕೆಲಸ ಎಲ್ಲಿಗೆ ಹೋತು?"

"ಆ ಸುದ್ದಿ ತಗದ್ರ ಉದ್ದ ಆಕ್ಕೈತ್ರಿ. ಮಂದಿ ಆಕಳಸ್ತಾರ," ಅಂದ. ನಗಲಿಲ್ಲ ಈ ಸಲ. ಕರುಣಾ ಕಿಟಕಿಯಾಚೆ ನೋಡುತ್ತ ಕಡಲೆ ಸುಲಿಯುತ್ತಿದ್ದಳು, ಒಂದನ್ನೂ ಬಾಯಿಗೆ ಹಾಕಲಿಲ್ಲ.

ನವಲಗುಂದದಿಂದ ಒಳಗಿನ ಹಳ್ಳಿಯೊಂದರಲ್ಲಿ, ಒಬ್ಬ ವಿಶ್ವಾಸಿಯ ಅಂಗಳದಲ್ಲಿ ತಾಡಪತ್ರಿ ಕಟ್ಟಿ ಜಮಖಾನ ಹಾಸಿದ್ದರು. ಇಳಿಹೊತ್ತಿಗೆ ಅಂಗಳ ತುಂಬಿತು. ಬಂದವರಲ್ಲಿ ಕ್ರಿಶ್ಚನ್ ಮನೆಗಳು ಎರಡೋ ಮೂರೋ. ಉಳಿದವರು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದವರು, ಕುಂಕುಮ ಇಟ್ಟವರು. ಪ್ರಾರ್ಥನೆ ಮಾಡಿಸಿಕೊಂಡು ಒಯ್ಯಲು ಎಣ್ಣೆ ಬಾಟಲಿ ತಂದಿದ್ದರು. ಯಾವ ಬಾಗಿಲು ತೆರೆದಿದೆ ಎಂದು ಒಂದೊಂದೇ ತಟ್ಟಿ ನೋಡುವ ಜನ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಎರಡು ಹಾಡುಗಳಾದ ಮೇಲೆ ಕರುಣಾ ಮೈಕು ಹಿಡಿದಳು. ಮನೆಯಲ್ಲಿ ಮಾತೇ ಆಡದವಳು ಇವಳೇನಾ ಅನ್ನಿಸಿತು. ಮುಖಕ್ಕೆ ಬಣ್ಣ ಬಂದಿತ್ತು. ಡಾಕ್ಟರು ಕೈಬಿಟ್ಟರು ಅಂದಳು. ಬಿಟ್ಟಿರಲಿಲ್ಲ. ಮೂರು ದಿನ ಉಪವಾಸ ಮಾಡಿದೆ ಅಂದಳು. ದವಾಖಾನೆಯ ಕ್ಯಾಂಟೀನಿನಲ್ಲಿ ನಾನೇ ಅವಳಿಗೆ ಉಪ್ಪಿಟ್ಟು ತಿನ್ನಿಸಿದ್ದೆ. ಇಂಜೆಕ್ಷನ್ನುಗಳು, ಸಲಾಯಿನ್ನು, ಉದುರಿದ ಕೂದಲು ಯಾವುದೂ ಬರಲಿಲ್ಲ. ನಾನು ಕೂತಲ್ಲೇ ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಅವಳು ಮಗಳು ಮನೆಗೆ ಬಂದ ದಿನಕ್ಕೆ ಬಂದಳು. ಹೊಸ್ತಿಲು ದಾಟುವ ಮೊದಲೇ ನಿಮ್ಮಿ, "ಯವ್ವಾ, ದವಾಖಾನಿ ಇಡ್ಲಿ ತಿಂದು ತಿಂದು ನನ್ನ ನಾಲಿಗಿ ರಜಾ ಹಾಕೇತಿ. ಕೆಂಪ್ ಖಾರಾ ಹಚ್ಚಿ ರೊಟ್ಟಿ ಕೊಡು, ಡ್ಯೂಟಿಗೆ ಬರ್ತೈತಿ" ಅಂದಳಂತೆ. ಕರುಣಾ ಅದನ್ನು ಮಗಳ ದನಿಯಲ್ಲೇ, ಮಗಳ ಹಾಗೆ ಕತ್ತು ಓರೆ ಮಾಡಿ ಹೇಳಿದಳು. ಅಂಗಳವೆಲ್ಲ ನಕ್ಕಿತು. "ಈಗ ಎರಡು ಜಡಿ ಹಾಕ್ಕೊಂಡು ಸಾಲಿಗೆ ಹೊಂಟಾಳ್ರಿ" ಎಂದು ಮುಗಿಸಿ ಮೈಕು ಬ್ರದರನ ಕೈಗೆ ಕೊಟ್ಟಳು. ಹೊಂಟಾಳ. ಈಗ.

ಕೂಟ ಮುಗಿದ ಮೇಲೆ ಒಬ್ಬ ಹೆಂಗಸು ಕರುಣಾಳ ಕೈ ಹಿಡಿದುಕೊಂಡಳು. ಹೆಸರು ಗಂಗವ್ವ, ಅದೇ ಊರಿನವಳು. ಪಕ್ಕದಲ್ಲಿ ತಲೆಗೆ ಸ್ಕಾರ್ಫು ಬಿಗಿದ ಹನ್ನೊಂದು ಹನ್ನೆರಡರ ಹುಡುಗಿ. ಸ್ಕಾರ್ಫಿನ ಕೆಳಗೆ ಏನಿಲ್ಲ ಎಂದು ನನಗೆ ನೋಡಿದೊಡನೆ ಗೊತ್ತಾಯಿತು.

"ನನ್ನ ಮಗಳು ಭಾಗ್ಯಾಗೂ ಅದ ಬ್ಯಾನಿರಿ ಅಕ್ಕಾರ. ಸೋಮವಾರ ಹುಬ್ಬಳ್ಳಿಗೆ ಬರ್ರಿ ಅಂದಾರ, ಇಂಜೆಕ್ಷನ್ ಐತಿ. ಅದನ್ನ ಹಾಕಿಸ್ಕೊಂಡ್ರ ವಾರಗಟ್ಲೆ ವಾಂತಿ ಮಾಡ್ಕೋತಾಳ್ರಿ, ನೋಡಾಕ ಆಗೂದಿಲ್ಲ. ನಿಮ್ಮ ಮಾತು ಕೇಳಿ ಜೀವಕ್ಕ ಸಮಾಧಾನ ಆತು. ಇನ್ನ ಒಯ್ಯೂದಿಲ್ರಿ. ನಾಳೆ ಅಣ್ಣಿಗೇರಿಗೂ ಬರ್ತೇವಿ, ಪ್ರೇಯರ್ ಮಾಡ್ರಿ."

ಕರುಣಾ ಹುಡುಗಿಯ ಗಲ್ಲ ಸವರಿದಳು. ಒಯ್ಯಿರಿ ಅನ್ನಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಬ್ರದರ್ ಟ್ರ್ಯಾಕ್ಸಿನ ಬಾಗಿಲು ಬಡಿದು ಕರೆದ.

ನವಲಗುಂದದಲ್ಲಿ ಪರಿಚಿತರ ಮನೆಯಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಚಹಾ ಕುಡಿದು ನಾವಿಬ್ಬರೇ ಗುಡ್ಡದ ಕಡೆ ನಡೆದೆವು. ನವಲಗುಂದಕ್ಕೆ ಆ ಒಂದು ಗುಡ್ಡವಾದರೂ ಇದೆ.

"ಆ ಹುಡುಗೀನ ದವಾಖಾನಿಗೆ ಒಯ್ಯೂದಿಲ್ಲಂತ ನಿನ್ನ ಮಾತು ಕೇಳಿ. ಅಕಿಗೇನರ ಆದ್ರ?" ಅಂದೆ.

"ನಾ ದವಾಖಾನಿ ಬ್ಯಾಡಂತ ಹೇಳಿಲ್ಲಕ್ಕಾ."

"ನೀನು ಹೋಗಿದ್ದಿ ಅಂತನೂ ಹೇಳಿಲ್ಲ. ಈಗ ಸಾಲಿಗೆ ಹೊಂಟಾಳ ಅಂದಿ. ಎಲ್ಲಿ ಹೊಂಟಾಳ? ನಿಮ್ಮಿ ಸತ್ತಾಳ, ಕರುಣಾ."

ಅವಳು ನಿಂತುಬಿಟ್ಟಳು. ಆರು ತಿಂಗಳಲ್ಲಿ ಆ ಮಾತನ್ನು ಯಾರೂ ಅವಳಿಗೆ ಹಾಗೆ ನೇರವಾಗಿ ಹೇಳಿರಲಿಲ್ಲ. ಎಲ್ಲರೂ ಕರ್ತನ ಬಳಿಗೆ ಹೋದಳು, ನಿದ್ರೆ ಹೋದಳು ಅನ್ನುತ್ತಿದ್ದರು. ಸೆರಗು ಬಿಗಿದುಕೊಂಡು, "ಖರೆ ಹೇಳಂತೀ, ಹೌದಿಲ್ಲೋ? ಹೇಳ್ತೀನಿ ತಗೋ" ಅಂದಳು. ನನಗೆ ಗೆದ್ದೆ ಅನ್ನಿಸಿತು. ತಿರುಗಿ ಬರುವಾಗ ಮಿರ್ಚಿ ಭಜಿ, ಮಂಡಕ್ಕಿ ಕಟ್ಟಿಸಿಕೊಂಡೆ. ಹಸಿವೆ ಚೆನ್ನಾಗಿಯೇ ಆಗಿತ್ತು.

ಅಣ್ಣಿಗೇರಿಗೆ ಹತ್ತರ ಸುಮಾರಿಗೆ ಮುಟ್ಟಿದೆವು. ಪೇಟೆಯಲ್ಲಿ ಕಡಲೆ ಚೀಲ ಹೇರಿದ ಟ್ರ್ಯಾಕ್ಟರುಗಳು, ದೇವಸ್ಥಾನಕ್ಕೆ ಹೊರಟವರು. ಕೂಟ ಇದ್ದದ್ದು ಬಾಡಿಗೆಗೆ ಹಿಡಿದ ಹಳೆಯ ಗೋದಾಮಿನಲ್ಲಿ. ಒಳಗೆ ಮೆಣಸಿನಕಾಯಿಯ ಘಾಟು ಇನ್ನೂ ಉಳಿದಿತ್ತು, ಹಾಡುವವರೆಲ್ಲ ನಡುನಡುವೆ ಸೀನುತ್ತಿದ್ದರು. ಗಂಗವ್ವ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಕರುಣಾ ಮೈಕು ತೆಗೆದುಕೊಂಡಳು. ದವಾಖಾನೆಯಿಂದಲೇ ಶುರು ಮಾಡಿದಳು. ಎಷ್ಟು ಇಂಜೆಕ್ಷನ್ ಆಯಿತು, ಯಾವ ಡಾಕ್ಟರಮ್ಮ ಮಗಳ ಜೊತೆ ಚೌಕಾಬಾರಾ ಆಡಿದರು, ಎಲ್ಲ ಹೇಳಿದಳು. ಉಪವಾಸ ಮಾಡಿರಲಿಲ್ಲ ಅಂದಳು. ನಾನು ತಲೆಯಾಡಿಸುತ್ತ ಕೂತಿದ್ದೆ. ರೊಟ್ಟಿಯ ಮಾತು ಬರಲಿಲ್ಲ. ದನಿ ಏರಿಸದೆ, ಪಾಠ ಒಪ್ಪಿಸುವಂತೆ, "ಗುಣ ಆಗಿದ್ಲು. ಮಳಿಗಾಲದಾಗ ಬ್ಯಾನಿ ತಿರುಗಿ ಬಂತು. ನನ್ನ ಮಗಳು ಸತ್ಲು. ನಿನ್ನೆ ನಾ ಇದನ್ನ ಮುಚ್ಚಿಟ್ಟಿದ್ದೆ" ಅಂದಳು.

ಬ್ರದರ್ ಕೀಬೋರ್ಡಿನವನ ಕಡೆ ನೋಡಿದ. ಅವನು ಹಾಡು ಎತ್ತಿದ. ಮಂದಿ ಚಪ್ಪಾಳೆ ಹೊಡೆದು ಹಾಡತೊಡಗಿದರು, ಹತ್ತು ಹದಿನೈದು ಜನರ ಚಪ್ಪಾಳೆ ಗೋದಾಮಿನ ತಗಡಿಗೆ ಬಡಿದು ದೊಡ್ಡದಾಯಿತು. ಆ ಗದ್ದಲದಲ್ಲೂ ಭಾಗ್ಯಾ ಅವ್ವನ ಸೆರಗು ಜಗ್ಗಿ ಕೇಳಿದ್ದು ಹಿಂದೆ ಕೂತಿದ್ದ ನನಗೆ ಕೇಳಿಸಿತು.

"ಯವ್ವಾ, ಗುಣಾದ ಮ್ಯಾಲೂ ಸಾಯ್ತಾರೇನು?"

ಗಂಗವ್ವ ಎದ್ದಳು, ಮಗಳ ರಟ್ಟೆ ಹಿಡಿದು ಹೊರಗೆ ನಡೆದಳು. ನಾನು ಹಿಂದೆ ಓಡಿದೆ, ಕರುಣಾ ನನ್ನ ಹಿಂದೆ. ಬಸ್ ನಿಲ್ದಾಣದ ದಾರಿಯಲ್ಲಿ ಹಿಡಿದೆವು.

"ನಾಳೆ ತಪ್ಪದ ದವಾಖಾನಿಗೆ ಹೋಗ್ರಿ. ಈ ಬ್ಯಾನ್ಯಾಗ ಎಷ್ಟೋ ಮಕ್ಕಳು ಪೂರ್ತಿ ಉಳೀತಾರ್ರಿ," ಅಂದೆ.

"ಯಾಕ್ರಿ? ನಿಮ್ಮಕಿ ಹೋಗಿದ್ಲಲ್ಲ, ಏನಾತು?" ಗಂಗವ್ವ ಕರುಣಾಳ ಕಡೆ ತಿರುಗಿದಳು. "ನಿನ್ನೆ ಮಗಳ ಮೈದಡವಿ ಇವತ್ತ ಹಿಂಗ ಮಾಡಿದ್ರಿ. ನನಗ ಒಬ್ಬಾಕಿಗೆ ಹೇಳಬೇಕಿತ್ತು. ಕೂಸಿನ ಮುಂದ ಹೇಳೂ ಮಾತೇನ್ರಿ ಇದು?"

ಅದು ಹೌದು. ಅದನ್ನು ಒಬ್ಬಳಿಗೇ, ಬದಿಗೆ ಕರೆದು ಹೇಳಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ನನಗೆ ಬೇಕಾಗಿದ್ದದ್ದು ಮೈಕಿನಲ್ಲಿ ಆದ ತಪ್ಪು ಮೈಕಿನಲ್ಲೇ ತಿದ್ದುಪಡಿ ಆಗುವುದು.

ಕರುಣಾ ಗಂಗವ್ವನ ಕೈ ಹಿಡಿಯಲು ಹೋಗಲಿಲ್ಲ. "ಒಯ್ಯಿರಿ ಯವ್ವಾ. ಅಲ್ಲಿಗೆ ಹೋಗಿದ್ದಕ್ಕ ನನಗ ಅಕಿ ಮತ್ತೊಂದು ವರ್ಷ ಸಿಕ್ಕಿದ್ಲು. ನಿಮಗ ಪೂರಾ ಸಿಗಬಹುದು," ಅಂದಳು. ನವಲಗುಂದದ ಬಸ್ ಬಂತು, ಗಂಗವ್ವ ಮಗಳನ್ನು ಮುಂದೆ ಹತ್ತಿಸಿ ತಾನೂ ಹತ್ತಿದಳು. ಸೋಮವಾರ ಅವರು ಹುಬ್ಬಳ್ಳಿಗೆ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ಮರುವಾರ ದವಾಖಾನೆಗೆ ಹೋಗಿ ವಿಚಾರಿಸಿದೆ. ಸಂಬಂಧಿಕರೇ ಎಂದು ಕೇಳಿದರು, ಅಲ್ಲ ಅಂದೆ, ಹೇಳಲಾಗದು ಅಂದರು.

ಬ್ರದರ್ ನಮ್ಮ ಚೀಲಗಳನ್ನು ಗೋದಾಮಿನ ಬಾಗಿಲಲ್ಲೇ ತಂದಿಟ್ಟಿದ್ದ. ಅವನ ಕಣ್ಣು ಕೆಂಪಾಗಿತ್ತು, ಘಾಟಿಗೋ ಏನೋ. "ಸಿಸ್ಟರ್, ಸ್ವಲ್ಪ ದಿವಸ ವಿಶ್ರಾಂತಿ ತಗೋರಿ," ಅಂದ. ಅಂದರೆ ಇನ್ನು ಗಾಡಿ ಬರುವುದಿಲ್ಲ.

ಸ್ಟೇಷನ್ನಿಗೆ ನಡೆದು ಹೋದೆವು. ರೈಲಿನಲ್ಲಿ ಹೆಂಗಸರಿಗೂ ಟಿಕೆಟ್ ಉಂಟು, ಹುಬ್ಬಳ್ಳಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಅಷ್ಟೇನೂ ಆಗುವುದಿಲ್ಲ. ತಾಸುಗಟ್ಟಲೆ ತಡವಾಗಿ ಬಂತು. ಕಿಟಕಿ ಪಕ್ಕ ಕೂತ ಕರುಣಾಳ ಮುಖದಿಂದ ನಿನ್ನೆಯ ಬಣ್ಣ ಪೂರ್ತಿ ಇಳಿದಿತ್ತು. ಬೆಳಿಗ್ಗೆ ಕಟ್ಟಿಸಿಕೊಂಡಿದ್ದರಲ್ಲಿ ಉಳಿದ ಭಜಿ ಅವಳ ಮುಂದೆ ಹಿಡಿದೆ, ಬೇಡವೆಂದಳು. ಸಮಾಧಾನ ಹೇಳಬೇಕಲ್ಲ, "ಖರೆ ಹೇಳಿದಿ, ಮನಸ್ಸು ಹಗುರಾತಿಲ್ಲ?" ಅಂದೆ.

"ಮನ್ಯಾಗ ಅವರು ಅಕಿ ಹೆಸರ ಎತ್ತಗೊಡೂದಿಲ್ಲ. ಓಣ್ಯಾಗ ನಾ ಬಂದ್ರ ಮಂದಿ ಮಾತು ನಿಲ್ಲಸ್ತಾರ. ಸಭಾದಾಗ ಅಕಿ ಹೆಸರೂ ಬರೋಬ್ಬರಿ ಓದಲಿಲ್ಲ," ಅಂದಳು. "ಈ ಕೂಟದಾಗ ಮೈಕು ಕೈಯಾಗ ಇರೂತನಾ ಅಕಿ ರೊಟ್ಟಿ ಬೇಡ್ತಿದ್ಲು, ಮಂದಿ ನಗ್ತಿದ್ರು. ಇನ್ನ ಯಾರ ಮುಂದ ಹೇಳ್ಲಿ?"

"ನನ್ನ ಮುಂದ ಹೇಳ. ದಿನಾ ಫೋನ್ ಮಾಡು. ನಾ ಕೇಳ್ತೀನಿ," ಅಂದೆ.

ಅವಳು ಮೊದಲ ಸಲ ನನ್ನನ್ನು ಪೂರ್ತಿ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ.

"ನೀ ಕೇಳೂದಿಲ್ಲಕ್ಕಾ. ನೀ ತಿದ್ದತಿ."

ಭಜಿಯ ಪೊಟ್ಟಣ ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಹುಬ್ಬಳ್ಳಿ ಬಂತು. ಸ್ಟೇಷನ್ನಿನ ಹೊರಗೆ ಆಟೋ ಕೂಗಿ ಬಸ್ ನಿಲ್ದಾಣಕ್ಕೆ ಬಿಟ್ಟು ಬರುತ್ತೇನೆ ಅಂದರೆ ಬೇಡ ಅಂದಳು. ಚೀಲ ಬಗಲಿಗೆ ಹಾಕಿಕೊಂಡು ರಸ್ತೆ ದಾಟಿದಳು. ಕುಂದಗೋಳದ ಕಡೆಯವರು ಇಬ್ಬರು ಹೆಂಗಸರು ಅದೇ ದಾರಿಯಲ್ಲಿ ಹೊರಟಿದ್ದರು. ಅವರಲ್ಲೊಬ್ಬಳು ಏನೋ ಕೇಳಿದಳು, ಬಹುಶಃ ಮಕ್ಕಳೆಷ್ಟು ಎಂದು. ಕರುಣಾ ನಡೆಯುತ್ತಲೇ ಇಲ್ಲವೆಂದು ತಲೆ ಅಲ್ಲಾಡಿಸಿದಳು.